ಬಿಕ್ಕಳಿಕೆ ಎಂಬ ಬಿಟ್ಟಿ ಚಾಕರಿ

ದೇಹ ಮಾಡುವ ಕೆಲಸಗಳಿಗೆ ಸಾಮಾನ್ಯವಾಗಿ ಒಂದು ಅರ್ಥವಿರುತ್ತದೆ. ಕೆಮ್ಮು ಕಫವನ್ನು ಹೊರಗೆ ಹಾಕುತ್ತದೆ, ಸೀನು ಮೂಗಿಗೆ ಹೊಕ್ಕ ಧೂಳನ್ನು ಓಡಿಸುತ್ತದೆ, ವಾಂತಿ ಹೊಟ್ಟೆಗೆ ಒಗ್ಗದ್ದನ್ನು ವಾಪಸು ಕಳಿಸುತ್ತದೆ. ಆಕಳಿಕೆ ಕೂಡ ಭಾಷಣಕಾರನಿಗೆ ಒಂದು ಸೂಚನೆಯನ್ನಾದರೂ ಕೊಡುತ್ತದೆ. ಬಿಕ್ಕಳಿಕೆಯಿಂದ ಮಾತ್ರ ಬೆಳೆದ ಮನುಷ್ಯನಿಗೆ ಈವರೆಗೆ ಯಾವ ಉಪಕಾರವೂ ಆದಂತಿಲ್ಲ. ಆದರೂ ಅದಕ್ಕಾಗಿ ಒಂದು ದೊಡ್ಡ ಸ್ನಾಯು, ಉದ್ದುದ್ದ ನರಗಳು, ಮಿದುಳಿನ ಕಾಂಡ, ಪಕ್ಕೆಲುಬುಗಳ ನಡುವಿನ ಮಾಂಸ, ಧ್ವನಿಪೆಟ್ಟಿಗೆ ಇಷ್ಟೂ ಒಟ್ಟುಗೂಡಿ ಚಾಚೂ ತಪ್ಪದ ಕ್ರಮದಲ್ಲಿ ದುಡಿಯುತ್ತವೆ. ಉಪಯೋಗವಿರುವ ಎಷ್ಟೋ ಕೆಲಸಗಳಲ್ಲಿ ಈ ಶಿಸ್ತು ಕಾಣಸಿಗದು.

ಈ ತಂಡದ ಮೇಸ್ತ್ರಿ ವಪೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಗುಮ್ಮಟಾಕಾರದ ತೆಳು ಸ್ನಾಯು ಅದು. ಬಲಗಡೆ ಕೆಳಗೆ ಯಕೃತ್ತು ಜಾಗ ಹಿಡಿದು ಕುಳಿತಿರುವುದರಿಂದ ಆ ಬದಿ ತುಸು ಎತ್ತರ. ವಪೆ ಕುಗ್ಗಿ ಚಪ್ಪಟೆಯಾದಾಗ ಎದೆಗೂಡು ಹಿಗ್ಗಿ ಗಾಳಿ ಒಳಗೆ ಬರುತ್ತದೆ, ಸಡಿಲಿದಾಗ ಹೊರಗೆ ಹೋಗುತ್ತದೆ. ಸುಮ್ಮನೆ ಕುಳಿತವರಲ್ಲಿ ಅದು ಏರಿಳಿಯುವುದು ಒಂದೆರಡು ಸೆಂಟಿಮೀಟರ್, ನಿಮಿಷಕ್ಕೆ 12ರಿಂದ 20 ಸಲ. ಅದರಲ್ಲಿ ದೊಡ್ಡ ಕಿಂಡಿಗಳು ಮೂರು: ಕೆಳಗಿನಿಂದ ಹೃದಯಕ್ಕೆ ಹೋಗುವ ಮಹಾ ಅಭಿಧಮನಿಗೆ ಒಂದು, ಮೇಲಿನಿಂದ ಇಳಿಯುವ ಮಹಾಪಧಮನಿಗೆ ಒಂದು, ಅನ್ನನಾಳಕ್ಕೆ ಒಂದು. ಅನ್ನನಾಳ ಕಿಂಡಿ ದಾಟಿದ ಕೂಡಲೇ ಜಠರ. ಊಟಕ್ಕೂ ಉಸಿರಿಗೂ ನಡುವೆ ಇರುವುದು ಈ ಒಂದೇ ಗೋಡೆ. ಜಠರ ಉಬ್ಬಿದ ಸುದ್ದಿ ವಪೆಗೆ ತಿಳಿಯದೆ ಹೋಗುವುದಿಲ್ಲ.

ವಪೆಯನ್ನು ಆಳುವ ಫ್ರೆನಿಕ್ ನರ ಹೊರಡುವುದು ಕತ್ತಿನಿಂದ, ಅಲ್ಲಿಯ ಮೂರು, ನಾಲ್ಕು, ಐದನೆಯ ನರಮೂಲಗಳಿಂದ. ಅಲ್ಲಿಂದ ಎದೆಯುದ್ದಕ್ಕೂ ಹೃದಯದ ಮಗ್ಗುಲಲ್ಲೇ ಹಾದು ಅದು ವಪೆಯನ್ನು ಸೇರುತ್ತದೆ. ಇಷ್ಟು ದೂರದ ದಾರಿಗೆ ಕಾರಣ ಭ್ರೂಣದಲ್ಲಿದೆ: ವಪೆ ಮೊದಲು ರೂಪುಗೊಳ್ಳುವುದು ಕತ್ತಿನ ಮಟ್ಟದಲ್ಲಿ, ಆಮೇಲೆ ಕೆಳಗಿಳಿಯುತ್ತದೆ, ಇಳಿಯುವಾಗ ನರವನ್ನೂ ಎಳೆದು ತರುತ್ತದೆ. ಬೆಂಗಳೂರಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ ರೇಷನ್ ಕಾರ್ಡನ್ನು ಊರಲ್ಲೇ ಇಟ್ಟುಕೊಂಡವರ ಹಾಗೆ, ವಪೆ ತನ್ನ ಮೂಲ ವಿಳಾಸ ಬದಲಾಯಿಸಿಲ್ಲ. ಇದರಿಂದ ಲಾಭವೂ ಉಂಟು, ಅಪಾಯವೂ ಉಂಟು. ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಸ್ವಂತವಾಗಿ ಉಸಿರಾಡಬಲ್ಲರು. ಮೂರನೇ ನರಮೂಲಕ್ಕಿಂತ ಮೇಲೆ ಹುರಿ ತುಂಡಾದವರಿಗೆ ಯಂತ್ರವೇ ಗತಿ.

ಬಿಕ್ಕಳಿಕೆಯಲ್ಲಿ ನಡೆಯುವುದಿಷ್ಟು. ಜಠರದಿಂದಲೋ ಅನ್ನನಾಳದಿಂದಲೋ ಒಂದು ದೂರು ವೇಗಸ್ ನರವನ್ನೋ ಫ್ರೆನಿಕ್ ನರವನ್ನೋ ಹಿಡಿದು ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಅಲ್ಲಿಂದ ಬಂದ ಆದೇಶಕ್ಕೆ ವಪೆ, ಅನೇಕ ಸಲ ಅದರ ಎಡ ಅರ್ಧ ಮಾತ್ರ, ಧಡಕ್ಕನೆ ಕುಗ್ಗುತ್ತದೆ. ಗಾಳಿ ಒಳಗೆ ನುಗ್ಗುತ್ತದೆ. ನುಗ್ಗತೊಡಗಿ ಸುಮಾರು 35 ಮಿಲಿಸೆಕೆಂಡಿಗೆ, ಕಣ್ಣು ಮಿಟುಕಿಸುವುದರೊಳಗೆ, ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಬಿಡುತ್ತದೆ. ಕರೆದವರೂ ಇವರೇ, ಬಾಗಿಲು ಹಾಕಿಕೊಂಡವರೂ ಇವರೇ. ‘ಹಿಕ್’ ಎಂಬುದು ಆ ಬಾಗಿಲು ಹಾಕಿಕೊಂಡ ಸದ್ದು. ಇದು ನಿಮಿಷಕ್ಕೆ 4ರಿಂದ 60 ಸಲ ಆಗಬಹುದು. ಆದರೆ ಒಬ್ಬರ ಒಂದು ಸರದಿಯಲ್ಲಿ ಗತಿ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಸುತ್ತ ನೆರೆದವರು ಮುಂದಿನದಕ್ಕೆ ಬಾಯಿ ಬಿಟ್ಟುಕೊಂಡು ಕಾಯಲು ಇದರಿಂದ ಅನುಕೂಲ.

ಈ ಚಾಕರಿ ಶುರುವಾಗುವುದು ಗರ್ಭದಲ್ಲೇ, ಮೂರನೇ ತಿಂಗಳಿನ ಹೊತ್ತಿಗಾಗಲೇ. ಉಸಿರಾಡಲು ಗಾಳಿಯೇ ಇಲ್ಲದ ಕಡೆ ಭ್ರೂಣ ಬಿಕ್ಕಳಿಸುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಏಕೆ ಎಂಬುದಕ್ಕೆ ವಾದಗಳು ಹಲವು. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಗೊದಮೊಟ್ಟೆಯತ್ತ ಬೆರಳು ತೋರಿಸಿದರು: ಕಿವಿರಿಗೆ ನೀರು ದೂಡುವಾಗ ಅದೂ ಬಾಯಿಗೆ ನೀರು ಸೆಳೆದು, ಶ್ವಾಸಕೋಶಕ್ಕೆ ಹೋಗದಂತೆ ಗಂಟಲಬಾಯಿ ಮುಚ್ಚಿಕೊಳ್ಳುತ್ತದೆ, ಬಿಕ್ಕಳಿಕೆ ಆ ಕಾಲದ ಉಳಿಕೆ. ಕೆನಡಾದ ವೈದ್ಯ ಡೇನಿಯಲ್ ಹೋವ್ಸ್ 2012ರಲ್ಲಿ ಬೇರೆಯೇ ಮಾತು ಹೇಳಿದರು: ಬಿಕ್ಕಳಿಕೆ ಕಾಣುವುದು ಮೊಲೆಯುಣ್ಣುವ ಪ್ರಾಣಿಗಳಲ್ಲಿ ಮಾತ್ರ, ಹಾಲಿನ ಜೊತೆ ನುಂಗಿದ ಗಾಳಿಯನ್ನು ಹೊಟ್ಟೆಯಿಂದ ಹೊರಗೆಳೆದು ಇನ್ನಷ್ಟು ಹಾಲಿಗೆ ಜಾಗ ಮಾಡುವ ಉಪಾಯವದು. ಕಪ್ಪೆಯ ಮರಿಗಿಂತ ಹಸುಗೂಸಿನ ವಾದ ಮರ್ಯಾದಸ್ಥರಿಗೆ ಹಿತ. ಆದರೆ ಎರಡೂ ಇನ್ನೂ ಊಹೆಗಳೇ.

ದೊಡ್ಡವರಲ್ಲಿ ದೂರಿನ ಮೂಲ ಹೆಚ್ಚಾಗಿ ಊಟ. ಗಬಗಬ ತಿನ್ನುವಾಗ ನುಂಗಿದ ಗಾಳಿ, ಗ್ಯಾಸು ತುಂಬಿದ ಸೋಡಾ, ಮದ್ಯ, ಖಾರ, ಬಿಸಿಯ ಬೆನ್ನಿಗೇ ತಣ್ಣನೆಯದು, ಊಟದ ನಡುವೆ ಉಕ್ಕಿದ ನಗು. ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಮದ್ಯವೊಂದನ್ನು ಬಿಟ್ಟು ಇವೆಲ್ಲ ಕೂಡಿ ಬರುತ್ತವೆ. ಮೂರನೇ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಎಲೆಯ ಮೇಲೆ ಬಿಸಿಬೇಳೆ ಬಾತ್ ಇನ್ನೂ ಹೊಗೆಯಾಡುತ್ತಿರುವಾಗಲೇ ಬಡಿಸುವವನು ಐಸ್‌ಕ್ರೀಂ ಇಟ್ಟು ಮುಂದೆ ಹೋಗಿರುತ್ತಾನೆ. ಹಿರಿಯರೊಬ್ಬರು ಜಿಲೇಬಿಗೆ ಕೈ ಹಾಕಿದ ಗಳಿಗೆಯಲ್ಲಿ ಹಿಕ್. ಎದುರು ಸಾಲಿನಿಂದ “ನೀರು ಕುಡೀರಿ ರಾಯರೇ”, ಪಕ್ಕದಿಂದ “ನೀರು ಬೇಡಿ, ಉಸಿರು ಹಿಡ್ಕೊಳ್ಳಿ”, ಹಿಂದಿನಿಂದ “ಒಂದು ಚಮಚ ಸಕ್ಕರೆ ತರ್ಸ್ರಪ್ಪಾ”. ಯಾರೋ ಒಬ್ಬ ಅತ್ತಿಗೆ “ಯಾರೋ ನೆನೆಸ್ಕೋತಿದಾರೆ” ಎಂದು ಕಾರಣವನ್ನೇ ಕಂಡುಹಿಡಿದಿರುತ್ತಾರೆ. ಆಮೇಲೆ ಹೆಸರುಗಳ ಪಟ್ಟಿ: ಅಮೆರಿಕದ ಮಗ, ಧಾರವಾಡದ ತಂಗಿ, ಸಾಲ ಕೊಟ್ಟವರು. ಯಾರ ಹೆಸರಿಗೆ ನಿಂತಿತೋ ಅವರೇ ನೆನೆಸಿಕೊಂಡವರು. ಸಾಮಾನ್ಯ ಬಿಕ್ಕಳಿಕೆ ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುವುದರಿಂದ ಪಟ್ಟಿಯ ಕೊನೆಯಲ್ಲಿದ್ದವರಿಗೆ ಈ ಕೀರ್ತಿ ಖಚಿತ. ಜಾಣ ಅಳಿಯಂದಿರು ಅತ್ತೆಯವರ ಹೆಸರನ್ನು ಸ್ವಲ್ಪ ತಡೆದು ಹೇಳುತ್ತಾರೆ.

ಔಷಧಗಳ ಕೀರ್ತಿಯಲ್ಲೂ ಈ ಲೆಕ್ಕದ ಪಾಲು ದೊಡ್ಡದು. ಹಾಗೆಂದು ಎಲ್ಲವೂ ಪೊಳ್ಳಲ್ಲ. ಮನೆಮದ್ದುಗಳು ಎರಡು ದಾರಿಯಲ್ಲಿ ನಡೆಯುತ್ತವೆ. ಉಸಿರು ಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಏರಿದಾಗ ಬಿಕ್ಕಳಿಕೆ ಮಂದವಾಗುತ್ತದೆ. ತಣ್ಣೀರು, ಸಕ್ಕರೆ, ನಾಲಿಗೆ ಎಳೆಯುವುದು ಇವೆಲ್ಲ ಗಂಟಲಲ್ಲಿರುವ ನರದ ತುದಿಗಳನ್ನು ಕೆಣಕಿ ಹಳೆಯ ದೂರನ್ನು ಮರೆಸುತ್ತವೆ. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ನಾಟಕಕಾರ ಅರಿಸ್ಟೋಫನೀಸನಿಗೆ ಮಾತಾಡುವ ಸರದಿ ಬಂದಾಗಲೇ ಬಿಕ್ಕಳಿಕೆ ಹತ್ತಿತು. ಪಕ್ಕದಲ್ಲಿದ್ದ ವೈದ್ಯ ಎರಿಕ್ಸಿಮಾಕಸ್ ಉಸಿರು ಹಿಡಿ, ನೀರು ಮುಕ್ಕಳಿಸು, ಅದಕ್ಕೂ ಬಗ್ಗದಿದ್ದರೆ ಮೂಗು ಕೆಣಕಿ ಸೀನು ಎಂದ. ಸೀನಿಗೆ ಅದು ಬಗ್ಗಿತು. ಚರಕ ಸಂಹಿತೆ ಐದು ಬಗೆಯ ಹಿಕ್ಕೆಗಳನ್ನು ಹೇಳಿ, ಉಪಾಯಗಳ ಸಾಲಿನಲ್ಲಿ ತಟ್ಟನೆ ತಣ್ಣೀರು ಎರಚುವುದು, ಹೆದರಿಸುವುದು, ಬೆರಗುಗೊಳಿಸುವುದು, ಸಿಟ್ಟು ಬರಿಸುವುದನ್ನೂ ಸೇರಿಸುತ್ತದೆ. ಸುಶ್ರುತ ಪ್ರಾಣಾಯಾಮದ ಜೊತೆಗೆ ಸೂಜಿ ಚುಚ್ಚುವುದನ್ನೂ ಹೇಳಿದ್ದಾನೆ. ಬಿಕ್ಕಳಿಸುವ ಮಗುವಿಗೆ “ಡಬ್ಬಿಯಲ್ಲಿದ್ದ ದುಡ್ಡು ತೆಗೆದದ್ದು ನೀನೇ ತಾನೇ?” ಎಂದು ಗದರಿಸುವ ಅಜ್ಜಿ ಶಾಸ್ತ್ರ ಬಿಟ್ಟು ನಡೆದವಳಲ್ಲ. ಸಕ್ಕರೆಗೂ ಆಧಾರವಿದೆ: 1971ರಲ್ಲಿ ಅಮೆರಿಕದ ವೈದ್ಯರು 20 ಜನರಿಗೆ ಒಂದೊಂದು ಚಮಚ ಒಣಸಕ್ಕರೆ ನುಂಗಿಸಿ 19 ಮಂದಿಗೆ ನಿಂತಿತು ಎಂದು ಬರೆದರು.

48 ಗಂಟೆ ದಾಟಿದ ಬಿಕ್ಕಳಿಕೆ ವೈದ್ಯರಿಗೆ ಸೇರಿದ್ದು. ತಿಂಗಳು ದಾಟಿದರೆ ಹಟಮಾರಿ ಎಂಬ ವರ್ಗಕ್ಕೆ ಬಡ್ತಿ. ಅಮೆರಿಕದ ಅಯೋವಾ ರಾಜ್ಯದ ಚಾರ್ಲ್ಸ್ ಆಸ್ಬರ್ನ್ ಎಂಬ ರೈತನಿಗೆ 1922ರಲ್ಲಿ ಹಂದಿಯೊಂದನ್ನು ತೂಕ ಮಾಡಲು ಹೋದಾಗ ಶುರುವಾದದ್ದು ನಿಂತದ್ದು 1990ರ ಫೆಬ್ರವರಿಯಲ್ಲಿ. ಮೊದಲು ನಿಮಿಷಕ್ಕೆ 40, ಆಮೇಲೆ 20. ಅದರ ನಡುವೆಯೇ ಆತ ಎರಡು ಮದುವೆಯಾದ, ಎಂಟು ಮಕ್ಕಳ ತಂದೆಯಾದ. ಗಿನ್ನೆಸ್ ದಾಖಲೆ ಅವನದೇ.

1988ರಲ್ಲಿ ಅಮೆರಿಕದ ತುರ್ತುಚಿಕಿತ್ಸಾ ವೈದ್ಯ ಫ್ರಾನ್ಸಿಸ್ ಫೆಸ್ಮೈರ್ ಮೂರು ದಿನ ಬಿಡದೆ ಬಿಕ್ಕಳಿಸಿದ ಯುವಕನೊಬ್ಬನ ವಿಷಯ ಪ್ರಕಟಿಸಿದರು. ಉಳಿದದ್ದೆಲ್ಲ ಸೋತ ಮೇಲೆ ಗುದದೊಳಗೆ ಬೆರಳಿಟ್ಟು ಮೃದುವಾಗಿ ತಿಕ್ಕಿದಾಗ ನಿಂತಿತಂತೆ. ವೇಗಸ್ ನರವನ್ನು ಕೆಣಕುವ ತತ್ವ ಇಲ್ಲಿಯೂ ಅದೇ. ಇದಕ್ಕೆ 2006ರಲ್ಲಿ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಬಂತು. ಪಂಕ್ತಿಯ ಸಲಹೆಗಾರರು ಈ ಪ್ರಬಂಧವನ್ನು ಓದಿದಂತಿಲ್ಲ.

ಆಸ್ಪತ್ರೆಗಳಲ್ಲಿ ಈಗ ಕ್ಲೋರ್‌ಪ್ರೊಮಜೈನ್, ಬ್ಯಾಕ್ಲೊಫೆನ್‌ನಂಥ ಮಾತ್ರೆಗಳು ಬಳಕೆಯಲ್ಲಿವೆ. ಅದಕ್ಕೂ ಮುಂಚೆ ಕಾರಣ ಹುಡುಕುವುದು ಕ್ರಮ: ಮೂತ್ರಪಿಂಡದ ವೈಫಲ್ಯ, ಪಾರ್ಶ್ವವಾಯು, ಎದೆಯೊಳಗಿನ ಗಂಟು, ಕೆಲವೊಮ್ಮೆ ಹೃದಯಾಘಾತ. ವೇಗಸ್ ನರದ ಒಂದು ಕೊಂಬೆ ಕಿವಿಗೂ ಹೋಗುತ್ತದೆ. ಕಿವಿತಮಟೆಗೆ ತಾಗಿಕೊಂಡಿದ್ದ ಒಂದು ಕೂದಲೆಳೆಯೇ ಬಿಕ್ಕಳಿಕೆ ಬರಿಸಿದ, ಅದನ್ನು ತೆಗೆದಾಗ ನಿಂತ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲಿವೆ. ಆದ್ದರಿಂದ ಹೊಟ್ಟೆ ಹಿಡಿದುಕೊಂಡು ಬಂದ ಬಿಕ್ಕಳಿಕೆಯ ರೋಗಿಯ ಕಿವಿಗೆ ಡಾಕ್ಟರು ಟಾರ್ಚು ಬಿಟ್ಟರೆ ಅವರು ದಾರಿ ತಪ್ಪಿದ್ದಾರೆಂದು ಭಾವಿಸಬೇಕಿಲ್ಲ.