ಬಾಕಿಯವರು, ಸಾಕಿನವರು

ಫ್ಲಾರೆನ್ಸಿನಲ್ಲಿ ಬೆಳಗ್ಗೆ ಹತ್ತಕ್ಕೆ ಹೋಟೆಲಿನ ಕೋಣೆ ಖಾಲಿ ಮಾಡಿ, ಸೂಟ್‌ಕೇಸುಗಳನ್ನು ಕೌಂಟರಿನ ಹಿಂದಿನ ಮೂಲೆಗೆ ತಳ್ಳಿ, ಬೀದಿಗೆ ಬಂದು ನಿಲ್ಲುವ ಜೋಡಿಯನ್ನು ಯಾರು ಬೇಕಾದರೂ ಗುರುತಿಸಬಹುದು. ಒಬ್ಬರ ಕೈಯಲ್ಲಿ ಫೋನು, ಫೋನಿನೊಳಗೆ ಪಟ್ಟಿ. ಇನ್ನೊಬ್ಬರ ಕಣ್ಣು ಕೂರಲು ಜಾಗ ಹುಡುಕುತ್ತಿರುತ್ತದೆ. ರೈಲು ಸಂಜೆಗೆ. ಮೊದಲನೆಯವರನ್ನು ಬಾಕಿಯವರು ಎನ್ನೋಣ, ಎರಡನೆಯವರನ್ನು ಸಾಕಿನವರು. ಏಕೆಂದರೆ ದಿನವಿಡೀ ಇಬ್ಬರ ನಡುವೆ ಓಡಾಡುವ ಮಾತು ಎರಡೇ: ‘ಇನ್ನು ಅದೊಂದು ಬಾಕಿ’ ಮತ್ತು ‘ಸಾಕು’. ಗಂಡನೇ ಬಾಕಿ, ಹೆಂಡತಿಯೇ ಸಾಕು ಎಂಬ ನಿಯಮವೇನಿಲ್ಲ. ಊಟ ಮುಗಿಯುತ್ತಲೇ ಪಾತ್ರ ಅದಲುಬದಲಾಗುವ ಸಂಸಾರಗಳೂ ಉಂಟು. ಜಪಾನಿನವರಾಗಲಿ, ಅಮೆರಿಕದವರಾಗಲಿ, ನಮ್ಮ ಹಾಸನದವರಾಗಲಿ, ಈ ಹಂಚಿಕೆ ಮಾತ್ರ ತಪ್ಪದು. ಬಾಕಿಯವರ ಓಟ ಕಂಡು ‘ಎಷ್ಟು ಕಲೆಯ ಹುಚ್ಚು, ಪಾಪ’ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೊನೆಯ ದಿನ ಬಾಕಿಯವರ ಕಾಲು ಮಾತ್ರ ಫ್ಲಾರೆನ್ಸಿನಲ್ಲಿರುತ್ತದೆ. ತಲೆ ಆಗಲೇ ಊರು ಸೇರಿ, ಯಾರದೋ ಮನೆಯ ಸೋಫಾದಲ್ಲಿ ಕೂತು, ‘ಅಯ್ಯೋ, ಅಷ್ಟು ದೂರ ಹೋಗಿ ಅದನ್ನು ನೋಡಲಿಲ್ವಾ?’ ಎಂಬ ಪ್ರಶ್ನೆ ಎದುರಿಸುತ್ತಿರುತ್ತದೆ. ಅವರು ನೋಡುವುದೆಲ್ಲ ಆ ಪ್ರಶ್ನೆಗೆ ಜವಾಬು.

ಇದು ಬರೀ ಚೇಷ್ಟೆಯ ಮಾತಲ್ಲ, ಸಾಕ್ಷಿ ಉಂಟು. ಮೈಕೆಲ್ಯಾಂಜೆಲೊ 1501ರಿಂದ 1504ರವರೆಗೆ ಕೆತ್ತಿದ ಡೇವಿಡ್, 1873ರವರೆಗೂ ಸಿನ್ಯೋರಿಯಾ ಚೌಕದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದ. ಈಗ ಅವನು ಅಕಾಡೆಮಿಯಾ ಗ್ಯಾಲರಿಯ ಒಳಗೆ. ಚೌಕದಲ್ಲಿ ಅಮೃತಶಿಲೆಯದೊಂದು ನಕಲು, ನದಿಯಾಚೆಯ ಗುಡ್ಡದ ಮೇಲೆ ಕಂಚಿನದೊಂದು ನಕಲು. ಎರಡಕ್ಕೂ ಟಿಕೆಟ್ಟಿಲ್ಲ, ಸರದಿಯಿಲ್ಲ. ಆದರೆ ಬಾಕಿಯವರಿಗೆ ನಕಲು ಆಗದು. ‘ಒರಿಜಿನಲ್ಲೇ ನೋಡಬೇಕು’ ಎಂದು ಸಾಕಿನವರ ರಟ್ಟೆ ಹಿಡಿದು ಸರದಿಗೆ ನಿಲ್ಲಿಸುತ್ತಾರೆ. ಒಪ್ಪೋಣ. ಅದೇ ಬಾಕಿಯವರು ಅದೇ ದಿನ ಬ್ಯಾಪ್ಟಿಸ್ಟರಿ ಎಂಬ ದೀಕ್ಷಾಸ್ನಾನ ಮಂದಿರದ ಮುಂದೆ ಏನು ಮಾಡುತ್ತಾರೆ ನೋಡಿ. ಶಿಲ್ಪಿ ಗಿಬರ್ಟಿ 1425ರಿಂದ 1452ರವರೆಗೆ, ಇಪ್ಪತ್ತೇಳು ವರ್ಷ ಬೆವರು ಸುರಿಸಿ ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲುಗಳು ಅಲ್ಲಿವೆ. ಅಂದರೆ ಅವುಗಳ ನಕಲಿದೆ. ಅಸಲು ಇರುವುದು ಕ್ಯಾಥೆಡ್ರಲಿನ ಬೆನ್ನ ಹಿಂದಿನ ಮ್ಯೂಸಿಯಮ್ಮಿನಲ್ಲಿ, ನಡೆದರೆ ಐದು ನಿಮಿಷ. ಬಾಕಿಯವರು ನಕಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ‘ಬಾಗಿಲು ಆಯ್ತು’ ಎಂದು ಮುಂದಕ್ಕೆ ನಡೆಯುತ್ತಾರೆ. ಒಂದು ಕಡೆ ನಕಲು ಮಹಾಪಾಪ, ಇನ್ನೊಂದು ಕಡೆ ಧಾರಾಳವಾಗಿ ಸಲ್ಲುತ್ತದೆ. ಕಾರಣ ಇಷ್ಟೆ: ‘ನೀವು ನೋಡಿದ್ದು ಅಸಲು ಬಾಗಿಲೋ ನಕಲೋ?’ ಎಂದು ಊರಿನಲ್ಲಿ ಕೇಳುವವರು ಹುಟ್ಟಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಸೋಮವಾರ ಬರಬೇಕು. ಅಂದು ಅಕಾಡೆಮಿಯಾಕ್ಕೂ ರಜೆ, ಊಫಿತ್ಸಿ ಗ್ಯಾಲರಿಗೂ ರಜೆ. ಕಲೆಗಾಗಿ ಬಾಯಾರಿದವರಾಗಿದ್ದರೆ ಮುಚ್ಚಿದ ಬಾಗಿಲಿನ ಮುಂದೆ ಎದೆ ಒಡೆದು ಕೂರಬೇಕಿತ್ತು. ಬಾಕಿಯವರ ಮುಖ ಒಂದು ಗಳಿಗೆ ಬಾಡುತ್ತದೆ, ಮರುಗಳಿಗೆಯಲ್ಲಿ ಅರಳುತ್ತದೆ. ‘ಸೋಮವಾರ, ಮುಚ್ಚಿತ್ತು’ ಎಂಬುದೂ ಒಂದು ಉತ್ತರವೇ ಅಲ್ಲವೇ! ಮುಚ್ಚಿದ ಬಾಗಿಲಿನದೂ ಫೋಟೊ ತೆಗೆದು, ಪಟ್ಟಿಯಲ್ಲಿ ಗೀಟು ಹಾಕಿ, ಕ್ಯಾಥೆಡ್ರಲಿನ ಮೇಲಿನ ಬ್ರುನೆಲ್ಲೆಸ್ಕಿಯ ಗುಮ್ಮಟದ ಕಡೆ ಹೊರಡುತ್ತಾರೆ. 1420ರಿಂದ 1436ರವರೆಗೆ ಕಟ್ಟಿದ ಆ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟಿಲ್ಲ. ಮೇಲೆ ಹತ್ತಿದರೆ ಊರೆಲ್ಲ ಕಾಣುತ್ತದೆ, ಗುಮ್ಮಟವೊಂದು ಬಿಟ್ಟು. ಪಕ್ಕದ ಜೊತ್ತೊ ಗಂಟೆಗೋಪುರಕ್ಕೆ 414 ಮೆಟ್ಟಿಲು. ಅಲ್ಲಿಂದ ಗುಮ್ಮಟ ಕಣ್ಣೆದುರೇ. ಆದರೂ ಬಾಕಿಯವರು 463ನ್ನೇ ಆರಿಸುತ್ತಾರೆ. ಹೇಳಿಕೊಳ್ಳಲು ಅದೇ ದೊಡ್ಡ ಸಂಖ್ಯೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಫ್ರೆಂಚ್ ಲೇಖಕ ಸ್ಟೆಂಡಾಲ್ ಇದೇ ಊರಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬರುವಾಗ ಎದೆ ಡವಗುಟ್ಟಿ, ಬೀಳುವ ಭಯದಲ್ಲೇ ನಡೆದನೆಂದು ಬರೆದುಕೊಂಡಿಲ್ಲವೇ? ಇಲ್ಲಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಗೆರಿನಿ ಕಲೆಯ ಮುಂದೆ ತತ್ತರಿಸಿ ಆಸ್ಪತ್ರೆ ಸೇರಿದ ನೂರಕ್ಕೂ ಹೆಚ್ಚು ಪ್ರವಾಸಿಗಳನ್ನು ಕಂಡು, ಅದಕ್ಕೆ ಸ್ಟೆಂಡಾಲನದೇ ಹೆಸರಿಟ್ಟು 1989ರಲ್ಲಿ ಪುಸ್ತಕ ಬರೆಯಲಿಲ್ಲವೇ? ನಿಜ. ಆದರೆ ಆ ಕಾಯಿಲೆ ಹತ್ತಬೇಕಾದರೆ ಒಂದು ಚಿತ್ರದ ಮುಂದೆ ಅಡಚಣೆಯಿಲ್ಲದೆ ನಿಲ್ಲಬೇಕು. ಕೊನೆಯ ದಿನದ ದಂಪತಿಯಲ್ಲಿ ಒಬ್ಬರು ಗಂಟೆ ಎಷ್ಟಾಯಿತೆಂದು ಕೇಳುತ್ತಲೇ ಇರುತ್ತಾರೆ. ಅವರ ಎದೆಯೂ ಡವಗುಟ್ಟುತ್ತದೆ, ಆದರೆ ಅದು 463ನೆಯ ಮೆಟ್ಟಿಲಿನ ಕಾಣಿಕೆ. ಚಿತ್ರಕ್ಕೆ ನಿಜವಾಗಿ ಮನಸೋತವರು ಇಲ್ಲವೆಂದಲ್ಲ. ಅಂಥವರು ಕೊನೆಯ ದಿನ ಹೊಸದೇನನ್ನೂ ಹುಡುಕುವುದಿಲ್ಲ. ಮೊದಲ ದಿನ ಕಂಡ ಚಿತ್ರದ ಮುಂದೆಯೇ ಇನ್ನೊಮ್ಮೆ ಹೋಗಿ ನಿಂತಿರುತ್ತಾರೆ.

ಇನ್ನೊಂದು ಆಕ್ಷೇಪ ಹಣದ್ದು: ಇಷ್ಟು ಖರ್ಚು ಮಾಡಿ ಬಂದವರು ಸಮಯ ಹಾಳು ಮಾಡಬಾರದೆಂದು ಓಡುತ್ತಾರೆ, ಅದರಲ್ಲೇನು ತಪ್ಪು? ಸಮಯದ ಮೇಲೆ ಅಷ್ಟು ಕಾಳಜಿ ಇದ್ದಿದ್ದರೆ, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಆರಿಸಲು ಮುಕ್ಕಾಲು ಗಂಟೆ ಹೇಗೆ ಸಿಗುತ್ತಿತ್ತು? ಅಂಗಡಿ ನಾಲ್ಕಾದರೂ ಡೇವಿಡ್ ಒಂದೇ ಅಚ್ಚಿನವನು. ಆದರೂ ಅತ್ತಿಗೆಗೊಂದು, ಆಫೀಸಿಗೆ ಆರು, ಎದುರುಮನೆಯವರಿಗೊಂದು ಎಂದು ಲೆಕ್ಕ ಹಾಕಿ, ಮತ್ತೆ ಮೊದಲ ಅಂಗಡಿಗೇ ಬರುತ್ತಾರೆ. ಇನ್ನು ಆಲಿವ್ ಎಣ್ಣೆಯ ಬಾಟಲಿ. ಸೂಟ್‌ಕೇಸಿಗೆ ಬೀಗ ಬಿದ್ದ ಮೇಲೆ ಕೊಂಡದ್ದರಿಂದ ಅದು ಕೈಚೀಲದಲ್ಲೇ ಉಳಿದು, ದ್ರವಕ್ಕೆ ನೂರು ಮಿಲಿಲೀಟರಿನ ನಿಯಮ ಇನ್ನೂ ಇರುವ ವಿಮಾನ ನಿಲ್ದಾಣವಾದರೆ ಅಲ್ಲಿನ ತೊಟ್ಟಿಗೆ ಸಂದಾಯ.

ಯಾರೂ ಕೇಳದ ಸ್ಥಳಕ್ಕೆ ಬಾಕಿಯವರು ಕಾಲಿಡರು ಎಂಬುದಕ್ಕೆ ಕಾಶಿನೆ ಉದ್ಯಾನದ ಪಶ್ಚಿಮದ ತುದಿ ಸಾಕ್ಷಿ. ಇಂಗ್ಲೆಂಡಿನಿಂದ ಮರಳುತ್ತಿದ್ದ ಕೊಲ್ಹಾಪುರದ ಎಳೆಯ ಮಹಾರಾಜ ರಾಜಾರಾಮ 1870ರಲ್ಲಿ ಈ ಊರಿನಲ್ಲೇ ತೀರಿಕೊಂಡ. ಮುನ್ಯೋನೆ ಹೊಳೆ ಆರ್ನೊ ನದಿಯನ್ನು ಸೇರುವಲ್ಲಿ ಅವನನ್ನು ದಹನ ಮಾಡಿದರು. ಕಲ್ಲಿನ ಮಂಟಪದ ಕೆಳಗೆ ಅವನ ಬಣ್ಣದ ಪ್ರತಿಮೆ ಇಂದಿಗೂ ಕೂತಿದೆ. ಹತ್ತಿರದ ಸೇತುವೆಗೂ ‘ಇಂಡಿಯಾದವನ’ ಹೆಸರೇ. ನಿಪ್ಪಾಣಿಯಿಂದ ಹೊರಟ ದಂಪತಿಗೆ ಕೊಲ್ಹಾಪುರವೆಂದರೆ ಗಂಟೆಯ ದಾರಿ, ಸಂತೆ ಸಂಬಂಧವೆಲ್ಲ ಅಲ್ಲೇ. ಆದರೂ ಅವರ ಪಟ್ಟಿಯಲ್ಲಿ ಅವನಿಲ್ಲ. ಕೇಳುವವರೇ ಇಲ್ಲದ ಮೇಲೆ ಉತ್ತರ ಯಾಕೆ?

ಹಾಗೆಂದು ಸಾಕಿನವರನ್ನು ದಾರ್ಶನಿಕರೆಂದು ಮೆರೆಸಬೇಕಿಲ್ಲ. ಅವರ ವೈರಾಗ್ಯದ ಮೂಲ ಹೊಸ ಚಪ್ಪಲಿ. ಇಟಲಿಯಲ್ಲಿ ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಅದಕ್ಕಿಂತ ಬಹಳ ಜಾಸ್ತಿ. ಬಾಕಿಯವರು ಕೌಂಟರಿನಲ್ಲಿ ಎರಡು ಗುಟುಕಿಗೆ ಮುಗಿಸಿ ಹೊರಟರೆ, ಸಾಕಿನವರು ಆ ಹೆಚ್ಚಿನ ದರವನ್ನು ಸಂತೋಷದಿಂದ ತೆರುತ್ತಾರೆ. ಅವರು ಕೊಳ್ಳುವುದು ಕುರ್ಚಿ. ಕಾಫಿ ಅದರ ಜೊತೆಗೆ ಬಂದದ್ದು. ಆದರೆ ಇವರ ಬಣ್ಣವೂ ಮೆರ್ಕಾತೊ ನುವೊವೊ ಮಾರುಕಟ್ಟೆಯ ಕಂಚಿನ ಕಾಡುಹಂದಿಯ ಹತ್ತಿರ ಬಯಲಾಗುತ್ತದೆ. ಹಂದಿಯ ಮೂಗು ಸವರಿದರೆ ಮತ್ತೆ ಫ್ಲಾರೆನ್ಸಿಗೆ ಬರುತ್ತಾರೆಂದು ನಂಬಿಕೆ. ಸವರಿ ಸವರಿ ಮೂಗು ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಬಾಯಲ್ಲಿಟ್ಟ ನಾಣ್ಯ ಜಾರಿ ಕೆಳಗಿನ ಜಾಲರಿಯೊಳಗೆ ಬಿದ್ದರಂತೂ ಶುಭ. ಬಾಕಿಯವರು ಮೂಗು ಮುಟ್ಟಿ, ಫೋಟೊ ತೆಗೆದು, ‘ನಡಿ, ರೈಲು ಹೋಗುತ್ತೆ’ ಎನ್ನುತ್ತಾರೆ. ಪಟ್ಟಿ ತೀರಿದವರಿಗೆ ಮತ್ತೆ ಬರುವ ದರ್ದೇನು? ಬೆಳಗಿನಿಂದ ‘ಸಾಕು’ ಎನ್ನುತ್ತಿದ್ದವರೇ ಅಲ್ಲಿ ಅಲ್ಲಾಡದೆ ನಿಲ್ಲುತ್ತಾರೆ. ಮೊದಲ ನಾಣ್ಯ ಜಾಲರಿಯ ಪಟ್ಟಿಗೆ ಬಡಿದು ಆಚೆ ಹಾರುತ್ತದೆ, ಎರಡನೆಯದೂ ಹಾಗೇ. ಮೂರನೆಯದಕ್ಕೆ ಪರ್ಸಿನ ತಳ ತಡಕುತ್ತಾ, ತಲೆಯೆತ್ತದೆ, ‘ತಡೀರಿ, ಇನ್ನೊಂದೇ’ ಎನ್ನುತ್ತಾರೆ.