ಟವೆಲ್ ನ್ಯಾಯ: ಕೋಟೆ–ಮೈಸೂರು ಬಸ್ಸಿನ ಸೀಟನ್ನು ಕುರಿತ ಒಂದು ತತ್ತ್ವವಿಚಾರ

ಪ್ರಬಂಧಕಾರನು ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಹೆಗ್ಗಡದೇವನಕೋಟೆಯಿಂದ ಮೈಸೂರಿನ ಕೋಚಿಂಗ್ ಸೆಂಟರಿಗೆ ಓಡಾಡುತ್ತಿರುವ ವಿದ್ವಾಂಸ. ಕ್ಷೇತ್ರಕಾರ್ಯ ನಡೆದದ್ದು ಬೆಳಗಿನ ಕೆಂಪು ಬಸ್ಸಿನಲ್ಲಿ; ದೂರ ಸುಮಾರು 50 ಕಿಲೋಮೀಟರು, ಬಹುಪಾಲು ನಿಂತುಕೊಂಡೇ. ಧನಸಹಾಯ: ಅವ್ವನ ಗೃಹಲಕ್ಷ್ಮಿಯ 2000 ರೂಪಾಯಿಯಲ್ಲಿ ಒಂದು ಪಾಲು. ಮಾರ್ಗದರ್ಶಕರು: ಕಂಡಕ್ಟರು.

ಮೊದಲು ಪದವಿಚಾರ. 'ಸೀಟು' ಎಂಬ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಮೂರರ್ಥ. ಸಿಇಟಿಗೆ ಕೂತವರಿಗೆ ಸಿಗುವುದು ಒಂದು, ಎಲೆಕ್ಷನ್ನಿಗೆ ನಿಂತವರಿಗೆ ಸಿಗುವುದು ಇನ್ನೊಂದು, ಬಸ್ಸಿನಲ್ಲಿ ನಿಂತವರಿಗೆ ಸಿಗದೇ ಇರುವುದು ಮೂರನೆಯದು. ಕೋಟೆಯ ವಿಧಾನಸಭಾ ಸೀಟು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. "ಮೊದ್ಲು ಯಾರು ಬಂದ್ರೋ ಅವ್ರಿಗೆ ಸಿಗ್ಬೇಕು ಕಣ್ರೀ, ಈ ಮೀಸಲಾತಿ ಯಾಕೆ?" ಎಂದು ಟೀ ಅಂಗಡಿಯ ಮುಂದೆ ವಾದಿಸುವವರನ್ನು ಪ್ರಬಂಧಕಾರ ಹಲವು ಬಾರಿ ಆಲಿಸಿದ್ದಾನೆ. ಬಸ್ಸು ತಿರುಗುವುದು ಕಂಡೊಡನೆ ಅವರ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಗುವುದನ್ನೂ ನೋಡಿದ್ದಾನೆ.

ಇನ್ನು ಸೂತ್ರ: ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಎಸೆದ ವಸ್ತು ಯಾವ ಸೀಟಿನ ಮೇಲೆ ಬೀಳುವುದೋ ಆ ಸೀಟು ಎಸೆದವನದು. ವಸ್ತುಗಳಲ್ಲಿ ಟವೆಲ್ ಉತ್ತಮ, ಕರ್ಚೀಫು ಮಧ್ಯಮ, ನೀರಿನ ಬಾಟ್ಲಿ ಅಧಮ, ಏಕೆಂದರೆ ಉರುಳುತ್ತದೆ. ಕೂಸನ್ನೇ ಕಿಟಕಿಯಿಂದ ಒಳಗೆ ಇಳಿಬಿಡುವ ಪದ್ಧತಿ ಉತ್ತಮೋತ್ತಮ. ಟವೆಲ್ಲನ್ನು ಎತ್ತಿ ಅತ್ತ ಎಸೆಯಬಹುದು, ಅಳುವ ಕೂಸನ್ನು ಎಸೆಯಲಾಗದು.

ಇದಕ್ಕೆ ಪೂರ್ವಪಕ್ಷ ಪಕ್ಕದ ತಾಲ್ಲೂಕಿನಿಂದಲೇ ಹೊರಟಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ಕೂತು ತೀರ್ಮಾನ ಕೊಟ್ಟವು. ಈ ನ್ಯಾಯವನ್ನು ಬಸ್ಸಿಗೆ ಅನ್ವಯಿಸಿದರೆ ಟವೆಲ್ ಎಸೆದವನು ಊರಲ್ಲಿಲ್ಲದ ಜಮೀನ್ದಾರ, ನುಗ್ಗಿ ಬಂದು ಕೂತವನು ಗೇಣಿದಾರ, ಕೂತವನೇ ಸೀಟಿನೊಡೆಯ. ಅದೇ 1974ರಲ್ಲೇ ಬೀಚನಹಳ್ಳಿಯ ಕಬಿನಿ ಅಣೆಕಟ್ಟೂ ಮುಗಿಯಿತು. ಉಳುತ್ತಿದ್ದ ಹೊಲವೇ ನೀರಿನಡಿಗೆ ಹೋದವರು ಯಾವ ನಮೂನೆ ತುಂಬಬೇಕಿತ್ತೋ ಪ್ರಬಂಧಕಾರನ ಪಠ್ಯದಲ್ಲಿರಲಿಲ್ಲ. ಅಜ್ಜ ಇದ್ದಿದ್ದರೆ ಕೇಳಬಹುದಿತ್ತು.

ಟವೆಲ್ ಸಿದ್ಧಾಂತವನ್ನು ಪೂರಾ ಖಂಡಿಸಿದ್ದು ಮಾತ್ರ ಹ್ಯಾಂಡ್‌ಪೋಸ್ಟಿನಲ್ಲಿ ಹತ್ತಿದ ಒಬ್ಬ ಅಜ್ಜಿ. ಪ್ರಬಂಧಕಾರನದೇ ಆದ, ಖಾಲಿ ಸೀಟಿನ ಮೇಲೆ ಮಲಗಿದ್ದ ಟವೆಲ್ಲನ್ನು ತೋರಿಸಿ, "ಅಲ್ಲ ಕಣ್ ಮಗಾ, ಆ ಟವಲ್ಗೇನು ಕಾಲ್ ನೋಯ್ತದಾ? ಅದು ನಿಂತ್ಕತದೆ ಬುಡು" ಎಂದು ಹೇಳಿ ಕೂತೇಬಿಟ್ಟರು. ಮಾರ್ಗದರ್ಶಕರತ್ತ ನೋಡಿದೆ. ಅವರು ಚಿಲ್ಲರೆ ಎಣಿಸುತ್ತಿದ್ದರು.

ಅಂದಿನಿಂದ ಪ್ರಬಂಧಕಾರ ಶಕ್ತಿ ಯೋಜನೆಯ ವಿಮರ್ಶಕನಾದ. 2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ ಬಸ್ಸು, ನಮಗೆ ಕಾಸು ಕೊಟ್ಟು ನಿಲ್ಲುವ ಯೋಗ. ತೆರಿಗೆ ಯಾರಪ್ಪನದು ಎಂದು ಹಂಪಾಪುರದವರೆಗೂ ಸೂಕ್ಷ್ಮವಾಗಿ ಮಂಡಿಸಿದೆ. ಪಕ್ಕ ನಿಂತಿದ್ದ ಗಾರ್ಮೆಂಟ್ಸ್ ಹುಡುಗಿ ಕೇಳಿದಳು: "ಯುವನಿಧಿ ಬರ್ತದಾ ಅಣ್ಣ?" ಬರುತ್ತದೆ. ಪದವೀಧರನಿಗೆ ತಿಂಗಳಿಗೆ 3000, ಹೆಚ್ಚೆಂದರೆ ಎರಡು ವರ್ಷ, ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು, ಸಿಕ್ಕಿಲ್ಲವೆಂದು ತಾನೇ ಘೋಷಿಸಿಕೊಳ್ಳುತ್ತಿರಬೇಕು. ಬಿ.ಎ. ಸರ್ಟಿಫಿಕೇಟು ಒಮ್ಮೆ ಕೊಟ್ಟರು, ನಿರುದ್ಯೋಗದ್ದನ್ನು ರಿನ್ಯೂ ಮಾಡಿಸುತ್ತಲೇ ಇದ್ದೇನೆ. ಸಾಲದ್ದಕ್ಕೆ ಅವಳು, ಶಕ್ತಿ ಆದೇಶದಲ್ಲೇ ಇಂಥ ಬಸ್ಸಿನ ಅರ್ಧ ಸೀಟು ಗಂಡಸರಿಗೆ ಅಂತ ಮೀಸಲಿಟ್ಟವರೆ ಎಂದಳು. ಮೀಸಲಾತಿ ವಿರೋಧಿಯಾಗಿ ಬಸ್ಸು ಹತ್ತಿದ ಪ್ರಬಂಧಕಾರ ಆ ಕ್ಷಣದಿಂದ ಮೀಸಲಾತಿ ಪರವಾದ. ವಿದ್ವತ್ತಿನಲ್ಲಿ ನಿಲುವು ಬದಲಾಗುವುದು ಪ್ರೌಢತೆಯ ಗುರುತು.

ನಗರದ ವಿಚಾರಕ್ಕೆ ಬಂದರೆ ಅಲ್ಲಿ ಟವೆಲ್ ಕಾಣುವುದಿಲ್ಲ. ಆದರೂ ಎಲ್ಲ ಸೀಟಿನ ಮೇಲೂ ಯಾರದೋ ಬಿದ್ದಿರುತ್ತದೆ. ಓಡಾಟ ಸಾಕಾಗಿ ಮೈಸೂರಿನಲ್ಲಿ ರೂಮು ಹುಡುಕಿದೆ. ಗೇಟಿನ ಬೋರ್ಡು 'ಬಾಡಿಗೆಗಿದೆ' ಎನ್ನುತ್ತದೆ, ಗೇಟಿನ ಒಳಗಿನವರು "ವೆಜ್ಜಾ?" ಎನ್ನುತ್ತಾರೆ. ಊರಿನಲ್ಲಿ "ನೀವು ಏನ್ ಜನ?" ಎಂದು ಒಂದೇ ಏಟಿಗೆ ಮುಗಿಸುವುದನ್ನು ಇಲ್ಲಿ ಹೆಸರು, ಅಪ್ಪನ ಹೆಸರು, ಊರಿನಲ್ಲಿ ಮನೆ ಯಾವ ಬೀದಿ ಎಂದು ಮೂರು ಮೆಟ್ಟಿಲು ಇಳಿದು ಮುಟ್ಟುತ್ತಾರೆ. ಮೂರನೇ ಮೆಟ್ಟಿಲಲ್ಲಿ ಒಬ್ಬರಿಗೆ, ರೂಮು ನಿನ್ನೆಯೇ ಹೋಯಿತೆಂಬುದು ಥಟ್ಟನೆ ನೆನಪಾಯಿತು. ಆ ಮನೆಯ ಅಂಗಳದ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು. ಮೈಸೂರಿನ ಒಂದು ಭಾಗಕ್ಕೆ ಬರುವುದು ಕಬಿನಿ ನೀರು, ನಮ್ಮ ಕಡೆಯಿಂದಲೇ ಹರಿದು ಬಂದದ್ದು. ಅದನ್ನು ಯಾವ ಬೀದಿಯದೆಂದು ಕೇಳಿದಂತೆ ಕಾಣಲಿಲ್ಲ.

ಸಾಯಂಕಾಲದ ಬಸ್ಸಿನಲ್ಲಿ ಟವೆಲ್ ಗುರಿ ತಪ್ಪಲಿಲ್ಲ, ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಕೂತ ಮೇಲೆ ಪ್ರಬಂಧಕಾರನಿಗೆ ಬೆಳಗಿನ ಸಿದ್ಧಾಂತಗಳಲ್ಲಿ ಅನೇಕ ದೋಷಗಳು ಹೊಳೆದವು. ಜಯಪುರದಲ್ಲಿ ಮೂಟೆ ಹೊತ್ತ ಹೆಂಗಸೊಬ್ಬರು ಹತ್ತಿ ಸೀಟಿನ ಕಂಬಿ ಹಿಡಿದು ನಿಂತರು. ಈ ಸಂದರ್ಭದಲ್ಲಿ ಶಾಸ್ತ್ರಸಮ್ಮತವಾದ ಕ್ರಿಯೆಯೆಂದರೆ ನಿದ್ರೆ. ಕಣ್ಣು ಮುಚ್ಚಿ, ಬಾಯಿ ಒಂದಿಷ್ಟು ತೆರೆದು, ತಲೆಯನ್ನು ಕಿಟಕಿಗೆ ಕೊಟ್ಟು ಕೋಟೆಯವರೆಗೂ ಒಮ್ಮೆಯೂ ಎಚ್ಚರವಾಗದಂತೆ ನೋಡಿಕೊಂಡೆ.

ಅವರು ನಮ್ಮ ಬೀದಿಯ ಅತ್ತೆ ಎಂಬುದು ಇಳಿಯುವಾಗಲೇ ತಿಳಿದದ್ದು. ಅವರು ಮೊದಲು ಇಳಿದರು, ನನಗಿಂತ ಮೊದಲೇ ನಮ್ಮ ಜಗಲಿಗೆ ತಲುಪಿದರು. ಈ ತಿಂಗಳ ಧನಸಹಾಯ ಇನ್ನೂ ಬಿಡುಗಡೆಯಾಗಿಲ್ಲ.