ಮುಹೂರ್ತ ವಹಿವಾಟು: ರಾಹುಕಾಲ ಸಹಿತ ಒಂದು ಶಾಸ್ತ್ರವಿಚಾರ

ವರ್ಷವಿಡೀ ಮುಹೂರ್ತ ನೋಡದೆ ದುಡ್ಡು ಕಳೆದುಕೊಳ್ಳುವವರಿಗೆ, ಒಂದು ಗಂಟೆ ಮಾತ್ರ ಮುಹೂರ್ತ ನೋಡಿ ಕಳೆದುಕೊಳ್ಳುವ ಸೌಲಭ್ಯವನ್ನು ಮುಂಬಯಿ ಷೇರುಪೇಟೆ 1957ರಿಂದ ಒದಗಿಸುತ್ತಾ ಬಂದಿದೆ. ದೀಪಾವಳಿಯ ಲಕ್ಷ್ಮೀಪೂಜೆಯಂದು ಪೇಟೆಗೆ ರಜೆ. ಆದರೂ ಒಂದು ಗಂಟೆ ಬಾಗಿಲು ತೆರೆದಿರುತ್ತದೆ. ಈ ಕರ್ಮಕ್ಕೆ ಅಧಿಕಾರಿ ಯಾರು, ಫಲವೇನು ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ಅಧಿಕಾರಿ: ಡಿಮ್ಯಾಟ್ ಖಾತೆಯುಳ್ಳವನು. ಫಲ: ಲಾಭ, ತಪ್ಪಿದರೆ ಅನುಭವ. ಇಷ್ಟರ ಮಟ್ಟಿಗೆ ವಿವಾದವಿಲ್ಲ.

ವಿವಾದವಿರುವುದು ತಿಥಿಯಲ್ಲಿ. ಲಕ್ಷ್ಮೀಪೂಜೆಯೆಂದರೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹೊಸ ಸ್ಕೂಟರನ್ನು ಶೋರೂಮಿನಿಂದ ಮನೆಗೆ ತರಲೊಪ್ಪದ ಹಳೇ ಮೈಸೂರಿನ ಗೃಹಸ್ಥ ಅಂದು ಮೊಬೈಲಿನಲ್ಲಿ ಬ್ಯಾಂಕಿನ ಷೇರು ಕೊಳ್ಳುವುದು ಹೇಗೆ? ಸಮಾಧಾನ ಹೀಗೆ: ಆಚಾರ ಮೂಲತಃ ಗುಜರಾತಿ ವರ್ತಕರದು. ಅವರ ವಿಕ್ರಮ ಸಂವತ್ಸರ ಬದಲಾಗುವುದು ದೀಪಾವಳಿಗೆ. ಹಳೇ ಲೆಕ್ಕ ಮುಗಿಸಿ, ಹೊಸ ಖಾತೆಪುಸ್ತಕಕ್ಕೆ ‘ಚೋಪಡಾ ಪೂಜೆ’ ಮಾಡಿ, ಶಾಸ್ತ್ರಕ್ಕೆಂದು ನಾಲ್ಕು ಷೇರು ಕೊಳ್ಳುತ್ತಾರೆ. ಯುಗಾದಿಗೆ ವರ್ಷ ಬದಲಿಸಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕನ್ನಡಿಗನಿಗೆ ಇದರಿಂದ ಇನ್ನೊಂದು ಹೊಸವರ್ಷ ದಕ್ಕಿತು. 2024ರಲ್ಲಿ ಹಬ್ಬ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ಪಂಚಾಂಗಗಳು ಜಗಳಾಡಿದಾಗ, ನವೆಂಬರ್ 1 ಎಂದು ಸುತ್ತೋಲೆ ಹೊರಡಿಸಿ ಧರ್ಮಸಂದೇಹ ಕಳೆದದ್ದೂ ಷೇರುಪೇಟೆಯೇ.

ಇನ್ನು ರಾಹುಕಾಲ. ಗೋಡೆಯ ಕ್ಯಾಲೆಂಡರನ್ನೂ ಪೇಟೆಯ ವೇಳಾಪಟ್ಟಿಯನ್ನೂ ಪ್ರಬಂಧಕಾರರು ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಪೇಟೆ ನಡೆಯುವುದು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಮಂಗಳವಾರ ರಾಹು 3ಕ್ಕೆ ಬರುತ್ತಾನೆ, ಕೊನೆಯ ಅರ್ಧ ಗಂಟೆ ಕೆಟ್ಟಿತು. ಬುಧವಾರ 12ರಿಂದ 1.30, ಗುರುವಾರ 1.30ರಿಂದ 3, ಶುಕ್ರವಾರ 10.30ರಿಂದ 12, ಈ ಮೂರು ದಿನ ಒಂದೂವರೆ ಗಂಟೆ ಪೂರ್ತಿ ಅವನ ಪಾಲು. ಸೋಮವಾರ ಮಾತ್ರ 7.30ಕ್ಕೆ ಹಿಡಿದು 9ಕ್ಕೆ ಬಿಡುತ್ತಾನೆ. ಪೇಟೆಯ ಪೂರ್ವಭಾವಿ ಅವಧಿ ಶುರುವಾಗುವುದು ಸರಿಯಾಗಿ 9ಕ್ಕೆ!

ಹಾಗಾದರೆ ಸೋಮವಾರವೇ ಶ್ರೇಷ್ಠವೆಂದು ಸಿದ್ಧವಾಯಿತಲ್ಲ? ಆಗಲಿಲ್ಲ. ಚುನಾವಣಾ ಫಲಿತಾಂಶಕ್ಕೆ ಬೆದರಿದ ಪೇಟೆ ನಡುವೆ ವಹಿವಾಟನ್ನೇ ನಿಲ್ಲಿಸಿದ 2004ರ ಮೇ 17 ಸೋಮವಾರ. ಕೊರೊನಾ ಭಯಕ್ಕೆ ಸೆನ್ಸೆಕ್ಸ್ ಶೇ 13ರಷ್ಟು ಕುಸಿದ 2020ರ ಮಾರ್ಚ್ 23 ಸೋಮವಾರ. ನ್ಯೂಯಾರ್ಕಿನ ಡೌ ಜೋನ್ಸ್ ಶೇ 22ಕ್ಕೂ ಹೆಚ್ಚು ಬಿದ್ದ 1987ರ ಅಕ್ಟೋಬರ್ 19 ಸಹ ಸೋಮವಾರವೇ. (ಅಲ್ಲಿನ ಸೂರ್ಯೋದಯಕ್ಕೆ ಗಣಿತ ಬೇರೆ ಎಂಬ ಆಕ್ಷೇಪವನ್ನು ಸದ್ಯಕ್ಕೆ ಬದಿಗಿಡಲಾಗಿದೆ.) ರಾಹು ಕಾವಲಿಗಿದ್ದ ದಿನಗಳಲ್ಲೇ ಹೂಡಿಕೆದಾರ ಕ್ಷೇಮ ಎಂಬುದು ತಾತ್ಕಾಲಿಕ ನಿರ್ಣಯ.

ಪೇಟೆಯವರಿಗೆ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. 2025ರ ಮುಹೂರ್ತ ಸಂಜೆಯ ರೂಢಿ ಬಿಟ್ಟು ಮಂಗಳವಾರ ಮಧ್ಯಾಹ್ನ 1.45ಕ್ಕೆ ಬಂತು, ರಾಹುವಿಗಿಂತ ಕಾಲು ಗಂಟೆ ಮೊದಲೇ, 2.45ಕ್ಕೆ, ಬಾಗಿಲು ಹಾಕಿತು. ಫಲ: 84 ಸಾವಿರದ ಮೇಲಿದ್ದ ಸೆನ್ಸೆಕ್ಸಿಗೆ ಸುಮಾರು 63 ಅಂಕ. ಲಕ್ಷ ರೂಪಾಯಿಗೆ 75 ರೂಪಾಯಿಯಂತೆ ಲಕ್ಷ್ಮಿ ಒಲಿದಳು. ಒಂದು ಮಸಾಲೆ ದೋಸೆಗೆ ಸಾಕು, ಕಾಫಿಗೆ ಕೈಯಿಂದ ಹಾಕಬೇಕು. ಲೇಮನ್ ಬ್ರದರ್ಸ್ ದಿವಾಳಿಯೆದ್ದ ಮರುತಿಂಗಳು, 2008ರಲ್ಲಿ, ಇಂಥದೇ ಒಂದು ಗಂಟೆ ಶೇ 6ರ ಹತ್ತಿರ ಏರಿಸಿತ್ತು. ಅದೂ ಮಂಗಳವಾರವೇ.

ಕೊನೆಯದಾಗಿ ಪೂರ್ವಪಕ್ಷಿಯ ಪ್ರಶ್ನೆ: ಕೊಳ್ಳಲು ಇಷ್ಟು ಶುಭವಾದ ಗಳಿಗೆಯಲ್ಲಿ ಮಾರುವವರು ಯಾರು? ಕೊಂಡ ಪ್ರತಿ ಷೇರನ್ನೂ ಅದೇ ಮುಹೂರ್ತದಲ್ಲಿ ಯಾರೋ ಕೈಬಿಟ್ಟಿರುತ್ತಾರೆ. ದೀಪ ಹಚ್ಚಿದ ಮೇಲೆ ಪಕ್ಕದ ಮನೆಗೆ ಹೆಪ್ಪಿಗೆ ಮೊಸರನ್ನೂ ಕೊಡದ ನಾಡಿನಲ್ಲಿ ಲಕ್ಷ್ಮಿಯನ್ನು ಹೊರಗೆ ಕಳಿಸುವುದೇ? ಉತ್ತರ ನಿಯಮದಲ್ಲಿದೆ: ಹಣ ಕೈಬದಲಾಗುವುದು ಮರುದಿನದ ಲೆಕ್ಕಕ್ಕೆ. ಆದರೆ ಮರುದಿನ ಬಲಿಪಾಡ್ಯಮಿ. ಷರತ್ತು ಓದದೆ ಮೂರು ಹೆಜ್ಜೆಗೆ ಒಪ್ಪಿ ಮೂರು ಲೋಕ ಕಳೆದುಕೊಂಡ ಚಕ್ರವರ್ತಿಯ ಗೌರವಾರ್ಥ 2025ರಲ್ಲಿ ಪೇಟೆಗೆ ಪೂರ್ತಿ ರಜೆ. ಅಪಾಯವಿದೆ ಎಂದು ಅವನಿಗೆ ಮೊದಲೇ ಎಚ್ಚರಿಸಿದ ಶುಕ್ರಾಚಾರ್ಯರಿಗೆ ಒಂದು ಕಣ್ಣು ಹೋಗಿತ್ತು.